ಊಟದ ನಂತರದ ಸೆಷನ್‌ನಲ್ಲಿ ಹಿಂದಿನ ಟೈರು ಜಾರುತ್ತಿದೆ: ಟೈರು ಬದಲಿಸಲೇ, ಶಾಕ್ ತಿರುಗಿಸಲೇ?

ರಾಜಾಜಿನಗರ ಸವಾರ
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ ನನ್ನ ಎರಡನೆಯ ಟ್ರ್ಯಾಕ್ ಡೇ (ಶುಲ್ಕ ಕೊಟ್ಟು ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಮುಗಿಸಿ ಬಂದಿದ್ದೇನೆ. ಗಾಡಿ ಟಿವಿಎಸ್ ಅಪಾಚೆ ಆರ್‌ಆರ್ 310, ಸಸ್ಪೆನ್ಷನ್ ಹೊಂದಿಸಿಕೊಳ್ಳಲು ಬರುವ ಕಿಟ್ ಇರುವಂಥದ್ದು. ಬೆಳಗಿನ ಎರಡು ಸೆಷನ್‌ಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಊಟದ ನಂತರದ ಮೂರನೆಯ ಸೆಷನ್‌ನಲ್ಲಿ, ನಾಲ್ಕನೆಯ ಸುತ್ತಿನಿಂದಾಚೆಗೆ, ಬಲ ತಿರುವುಗಳಿಂದ ಹೊರಬರುತ್ತ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಹಿಂದಿನ ಚಕ್ರ ಎಣ್ಣೆ ಸವರಿದ ನೆಲದ ಮೇಲೆ ಓಡಿದಂತೆ ಸರಿಯತೊಡಗಿತು. ಒಮ್ಮೆಯಂತೂ ಸೀಟು ಒಂದು ಗೇಣು ಪಕ್ಕಕ್ಕೆ ಹೋಗಿ ಮರಳಿ ಬಂದ ಹಾಗಾಯಿತು. ಬೀಳಲಿಲ್ಲ ಎಂಬುದು ನನ್ನ ಜಾಣತನವಲ್ಲ, ಅದೃಷ್ಟ.

ಟೈರು ಸ್ಪೋರ್ಟ್ ಟೂರಿಂಗ್ ಬಗೆಯದು, ಸುಮಾರು 4,000 ಕಿ.ಮೀ. ಓಡಿದೆ. ಶನಿವಾರ ಮುಂಜಾನೆ ಮನೆಯ ಬಳಿಯ ಬಂಕಿನಲ್ಲಿ ಮುಂದಕ್ಕೆ 29, ಹಿಂದಕ್ಕೆ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹಾಕಿಸಿಕೊಂಡು ಹೊರಟಿದ್ದೆ. ಈಗ ಎರಡು ಯೋಚನೆಗಳಿವೆ. ಒಂದು, ಇನ್ನೂ ಮೃದು ರಬ್ಬರಿನ ಟೈರು ಕೊಳ್ಳುವುದು. ಎರಡು, ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಬಿಗಿ ಮಾಡುವುದು. ಅನುಭವಸ್ಥರು ಯಾವುದನ್ನು ಮೊದಲು ಮಾಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಪ್ಯಾಡಕ್ ಪುಟ್ಟಣ್ಣ
ಎರಡನ್ನೂ ಮಾಡಬೇಡಿ. ಮೂರನೆಯ ಸೆಷನ್ ಮುಗಿಸಿ ಪಿಟ್‌ಗೆ ಬಂದ ಕೂಡಲೇ ಹಿಂದಿನ ಟೈರಿನ ಒತ್ತಡ ಎಷ್ಟಿತ್ತು ಎಂಬುದನ್ನು ಮೊದಲು ಹೇಳಿ.

ರಾಜಾಜಿನಗರ ಸವಾರ
ನೋಡಲಿಲ್ಲ ಸರ್. ನನ್ನ ಬಳಿ ಗೇಜು ಇಲ್ಲ.

ಪ್ಯಾಡಕ್ ಪುಟ್ಟಣ್ಣ
ಹಾಗಾದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಲೆದರ್ ಸೂಟಿಗೆ, ಶುಲ್ಕಕ್ಕೆ, ಲಾಡ್ಜಿಗೆ ಅಷ್ಟೆಲ್ಲ ಖರ್ಚು ಮಾಡಿ ಒಂದು ಗೇಜು ಇಲ್ಲದೆ ಟ್ರ್ಯಾಕಿಗೆ ಹೋಗುವುದು, ಮದುವೆಗೆ ಹೋಗಿ ತಾಳಿ ಮರೆತಂತೆ.

ಸ್ಲಿಕ್ ಪ್ರೇಮಿ
ಪುಟ್ಟಣ್ಣನವರ ಮಾತನ್ನು ಒಪ್ಪುತ್ತಲೇ ಹೇಳುತ್ತೇನೆ, ಸ್ಪೋರ್ಟ್ ಟೂರಿಂಗ್ ಟೈರಿನಲ್ಲಿ ಟ್ರ್ಯಾಕ್ ಓಡಿಸುವುದೇ ಮೂಲದ ತಪ್ಪು. ಮಳೆಯಲ್ಲಿ ಹೆದ್ದಾರಿಯಲ್ಲಿ ಹೋಗಲೆಂದು, ಹತ್ತು ಹದಿನೈದು ಸಾವಿರ ಕಿಲೋಮೀಟರ್ ಬಾಳಲೆಂದು ಮಾಡಿದ ಟೈರು ಅದು. ಒಂದು ಜೋಡಿ ಸ್ಲಿಕ್ (ಮೇಲ್ಮೈಯಲ್ಲಿ ಗೆರೆಗಳೇ ಇಲ್ಲದ ರೇಸ್ ಟೈರು) ಹಾಕಿ ನೋಡಿ, ಬೇರೆ ಗಾಡಿಯನ್ನೇ ಓಡಿಸಿದಂತಿರುತ್ತದೆ.

ಕೃಷ್ಣಗಿರಿ ಟೋಲ್
ಸ್ಲಿಕ್ ಪ್ರೇಮಿಯವರೇ, ಆ ಸ್ಲಿಕ್ಕಿಗೆ ಬೇಕಾದ ಟೈರ್ ವಾರ್ಮರ್ ಯಾರು ಕೊಡುತ್ತಾರೆ? ಅದನ್ನು 80 ಡಿಗ್ರಿಯ ಆಸುಪಾಸಿಗೆ, ಹೊರಮೈ ಮಾತ್ರವಲ್ಲದೆ ಒಳಗಿನವರೆಗೂ ಕಾಯಿಸಿ ಟ್ರ್ಯಾಕಿಗೆ ಇಳಿಸಬೇಕು. ವಾರ್ಮರಿಗೆ ಕರೆಂಟು ಬೇಕು, ಗಾಡಿ ನಿಲ್ಲಿಸಲು ಎರಡೂ ಕಡೆ ಪ್ಯಾಡಕ್ ಸ್ಟ್ಯಾಂಡ್ ಬೇಕು, ಸ್ಲಿಕ್ಕಿನಲ್ಲಿ ರಸ್ತೆಗೆ ಇಳಿಯುವಂತಿಲ್ಲವಾದ್ದರಿಂದ ಗಾಡಿ ಹೊತ್ತೊಯ್ಯಲು ಒಂದು ಪಿಕಪ್ ಬೇಕು. ಸರಿಯಾಗಿ ಕಾಯದ ಸ್ಲಿಕ್ಕಿನಲ್ಲಿ ಮೊದಲ ಸುತ್ತಿನಲ್ಲೇ ಬಿದ್ದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡನೆಯ ಟ್ರ್ಯಾಕ್ ಡೇ ಮುಗಿಸಿದವರಿಗೆ ಕೊಡುವ ಸಲಹೆಯೇ ಇದು?

ಸ್ಲಿಕ್ ಪ್ರೇಮಿ
ನಾನು ಕೊಳ್ಳಲೇಬೇಕೆಂದು ಹೇಳಲಿಲ್ಲ. ಟ್ರ್ಯಾಕಿಗೂ ರಸ್ತೆಗೂ ಸಲ್ಲುವ ಮಧ್ಯದ ಬಗೆಯ ಟೈರುಗಳೂ ಇವೆ, ಪಿರೆಲ್ಲಿ ಡಯಾಬ್ಲೊ ರೊಸ್ಸೊ ಸಾಲಿನಲ್ಲಿ ಇರುವಂಥವು. ಅದಕ್ಕೇನು ಆಕ್ಷೇಪ?

ಭೌತಶಾಸ್ತ್ರದ ಮೇಷ್ಟ್ರು
ಆಕ್ಷೇಪವಿಲ್ಲ, ಆದರೆ ಇಲ್ಲಿ ತಪ್ಪು ಟೈರಿನದೇ ಎಂದು ಇನ್ನೂ ತೀರ್ಮಾನವಾಗಿಲ್ಲ. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವನು. ಗಾಡಿ ಓಡಿಸುವುದರಲ್ಲಿ ನಿಮ್ಮೆಲ್ಲರಿಗಿಂತ ನಿಧಾನ. ಆದರೂ ಒಂದು ಲೆಕ್ಕ ಹಾಕೋಣ.

ಗೇಜು ತೋರಿಸುವುದು ಟೈರಿನೊಳಗಿನ ಒತ್ತಡವನ್ನಲ್ಲ. ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಒತ್ತಡ ಸುಮಾರು 13.2 ಪಿಎಸ್‌ಐ. ಚೆನ್ನೈ ಇರುವುದು ಸಮುದ್ರದ ಮಗ್ಗುಲಲ್ಲಿ, ಅಲ್ಲಿ 14.7. ರಾಜಾಜಿನಗರದವರು ಮುಂಜಾನೆ 22 ಡಿಗ್ರಿ ತಂಪಿನಲ್ಲಿ ಗೇಜಿನ ಲೆಕ್ಕದಲ್ಲಿ 32 ಹಾಕಿಸಿದರೆಂದುಕೊಳ್ಳೋಣ. ಆಗ ಟೈರಿನೊಳಗಿನ ನಿಜವಾದ ಒತ್ತಡ 45.2. ಮರುದಿನ ಬೆಳಿಗ್ಗೆ ಚೆನ್ನೈನಲ್ಲಿ 28 ಡಿಗ್ರಿ ಇದ್ದರೆ ಅದೇ ಗಾಳಿ ಗೇಜಿನಲ್ಲಿ 31.4 ಎಂದು ತೋರುತ್ತದೆ. ಅಂದರೆ ಸೆಕೆ ಏರಿಸಿದ್ದನ್ನು ಘಟ್ಟದ ಇಳಿತ ಇಳಿಸಿರುತ್ತದೆ; ನೋಡಿದವರಿಗೆ ಏನೂ ಬದಲಾಗಿಲ್ಲ ಎನ್ನಿಸುತ್ತದೆ. ಆದರೆ ಮಧ್ಯಾಹ್ನದ ಸೆಷನ್‌ನಲ್ಲಿ ಒಳಗಿನ ಗಾಳಿ 75 ಡಿಗ್ರಿಗೆ ಕಾದರೆ ಅದು 38.6ಕ್ಕೆ ಏರುತ್ತದೆ. ಬಂಕಿನಲ್ಲಿ ಹಾಕಿಸಿದ್ದಕ್ಕಿಂತ ಆರೂವರೆ ಪಿಎಸ್‌ಐ ಹೆಚ್ಚು. ಅಷ್ಟು ಉಬ್ಬಿದ ಟೈರು ನೆಲಕ್ಕೆ ತಾಗುವ ಜಾಗ ಕಿರಿದಾಗುತ್ತದೆ, ನೆಲದ ಉಬ್ಬುತಗ್ಗುಗಳಿಗೆ ಬಾಗುವುದಿಲ್ಲ. ಎಣ್ಣೆ ಸವರಿದ ಹಾಗೆ ಎಂದು ಅವರು ಬರೆದಿರುವುದು ಇದಕ್ಕೆ ಹೊಂದುತ್ತದೆ.

ಶೋಳಾವರಂ ಕಾಲದವನು
ಮೇಷ್ಟ್ರ ಲೆಕ್ಕ ಚೆನ್ನಾಗಿದೆ. ನಾವು ಚೆನ್ನೈ ಬಳಿಯ ಶೋಳಾವರಂನಲ್ಲಿ, ಯುದ್ಧಕಾಲದ ಆ ವಿಮಾನದ ರನ್‌ವೇ ಮೇಲೆ, ರಾಜ್‌ದೂತ್ 350 ಮತ್ತು ಯೆಜ್ಡಿಗಳನ್ನು ಓಡಿಸುತ್ತಿದ್ದಾಗ ಹೆಬ್ಬೆರಳಿನಿಂದ ಒತ್ತಿ, ಅಂಗೈ ಇಟ್ಟು ನೋಡಿ ಟೈರಿನ ಹದ ಹೇಳುತ್ತಿದ್ದೆವು. ಇರುಂಗಾಟ್ಟುಕೋಟ್ಟೈ ಟ್ರ್ಯಾಕು 1990ರಲ್ಲಿ ಆರಂಭವಾದ ಮೇಲೂ ನಾಲ್ಕಾರು ವರ್ಷ ಹಾಗೆಯೇ ನಡೆಸಿದೆವು. ಕೈಗೆ ಅಭ್ಯಾಸವಾದರೆ ಗೇಜು ಬೇಕಾಗಿಲ್ಲ.

ಭೌತಶಾಸ್ತ್ರದ ಮೇಷ್ಟ್ರು
ಹಿರಿಯರ ಅನುಭವದ ಮೇಲೆ ಗೌರವವಿದೆ. ಆದರೂ 33 ಇರುವ ಟೈರನ್ನೂ 38 ಇರುವ ಟೈರನ್ನೂ ಅಕ್ಕಪಕ್ಕ ನಿಲ್ಲಿಸಿ, ಕಣ್ಣು ಕಟ್ಟಿಕೊಂಡು ಹೆಬ್ಬೆರಳಿನಿಂದ ಗುರುತಿಸಿ ತೋರಿಸಿದರೆ ನನ್ನ ಗೇಜನ್ನು ತಮಗೇ ಕೊಟ್ಟುಬಿಡುತ್ತೇನೆ.

ಶೋಳಾವರಂ ಕಾಲದವನು
ಆ ಕಾಲದ ಟೈರಿನಲ್ಲಾದರೆ ಗುರುತಿಸುತ್ತಿದ್ದೆ. ಈಗಿನ ರೇಡಿಯಲ್ ಟೈರಿನ ಗೋಡೆ ಗಾಳಿ ಇಲ್ಲದಿದ್ದರೂ ನಿಂತುಕೊಳ್ಳುತ್ತದೆ, ಅದನ್ನು ಒಪ್ಪುತ್ತೇನೆ. ಅಂಗೈಯ ಮಾತನ್ನು ಮಾತ್ರ ಬಿಡುವುದಿಲ್ಲ: ಸೆಷನ್ ಮುಗಿಸಿ ಬಂದ ಟೈರನ್ನು ಮುಟ್ಟಿ ನೋಡಿ, ಎಡ ಬಲ ಎರಡೂ ಬದಿಗಳ ಕಾವಿನ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅದನ್ನು ನಿಮ್ಮ ಗೇಜು ಹೇಳುವುದಿಲ್ಲ.

ತಿರುವಿನ ಪಾಠ
ಇದು ನಿಜ, ಬಹಳ ಜನ ಗಮನಿಸದ ವಿಷಯವೂ ಹೌದು. ಆ ಸರ್ಕ್ಯೂಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಓಡಿಸುತ್ತಾರೆ. ಒಂದು ಸುತ್ತು 3.7 ಕಿ.ಮೀ. ಚಿಲ್ಲರೆ, 12 ತಿರುವುಗಳು. ಟೈರಿನ ಬಲ ಭುಜಕ್ಕೆ, ಅಂದರೆ ಗಾಡಿ ಬಲಕ್ಕೆ ವಾಲಿದಾಗ ನೆಲ ತಾಗುವ ಬದಿಗೆ, ಎಡಕ್ಕಿಂತ ಹೆಚ್ಚು ಕೆಲಸ. ಬಲ ಬದಿ ಕಾದು ಮೆತ್ತಗಾಗಿರುವಾಗ ಎಡ ಬದಿ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಹೊಸಬರು ಬಲ ತಿರುವುಗಳಲ್ಲಿ ಗಳಿಸಿದ ಧೈರ್ಯವನ್ನು ಹಾಗೆಯೇ ಎಡ ತಿರುವಿಗೆ ಕೊಂಡೊಯ್ದು ಮೊದಲ ಎರಡು ಸುತ್ತಿನೊಳಗೇ ಬೀಳುವುದುಂಟು.

ಆದರೆ ಮೂಲ ಪ್ರಶ್ನೆಗೆ ನಾನು ಬೇರೆಯದೇ ಉತ್ತರ ಕೊಡುತ್ತೇನೆ. ನೀವೆಲ್ಲರೂ ಗಾಳಿಯನ್ನೇ ಹಿಡಿದುಕೊಂಡಿದ್ದೀರಿ. ಊಟದ ನಂತರದ ಸೆಷನ್, ಮೈಮೇಲೆ ಲೆದರ್ ಸೂಟು, ಚೆನ್ನೈ ಬಿಸಿಲು. ಸವಾರ ದಣಿದಿರುತ್ತಾನೆ. ದಣಿದವನು ತೊಡೆಯಿಂದ ಟ್ಯಾಂಕನ್ನು ಹಿಡಿಯುವ ಬದಲು ಹ್ಯಾಂಡಲಿಗೆ ಜೋತುಬೀಳುತ್ತಾನೆ, ಗಾಡಿ ಇನ್ನೂ ವಾಲಿರುವಾಗಲೇ ಆಕ್ಸಿಲರೇಟರ್ ತಿರುವುತ್ತಾನೆ. ಮೊದಲು ಗಾಡಿಯನ್ನು ಎತ್ತಿ ನಿಲ್ಲಿಸಬೇಕು, ಅದು ಏಳುತ್ತ ಬಂದ ಹಾಗೆ ಆಕ್ಸಿಲರೇಟರ್ ಕೊಡಬೇಕು. 310 ಸಿಸಿ ಎಂಜಿನ್ನು ತಾನಾಗಿ ಚಕ್ರ ಜಾರಿಸುವಷ್ಟು ಬಲದ್ದಲ್ಲ. ಜಾರಿತೆಂದರೆ ವಾಲಿಕೆ ಹೆಚ್ಚಿತ್ತು ಎಂದೇ ಅರ್ಥ.

ಪ್ಯಾಡಕ್ ಪುಟ್ಟಣ್ಣ
ಅವರು ಬೆಳಿಗ್ಗೆಯೂ ಅದೇ ಕೈಯಿಂದಲೇ ಆಕ್ಸಿಲರೇಟರ್ ಕೊಟ್ಟಿದ್ದಾರಲ್ಲ?

ತಿರುವಿನ ಪಾಠ
ಬೆಳಿಗ್ಗೆ ಅಷ್ಟು ವೇಗವಾಗಿ ಹೋಗಿರಲಿಕ್ಕಿಲ್ಲ. ಕ್ಯಾಮೆರಾ ಇಟ್ಟುಕೊಂಡಿದ್ದರೆ ನೋಡಿ ಹೇಳಲಿ.

ಜಯನಗರದ ಆರ್‌ಸಿ
ಶಾಕ್ ವಿಷಯವನ್ನು ಯಾರೂ ಎತ್ತಿಕೊಳ್ಳದ ಕಾರಣ ನಾನು ಹೇಳುತ್ತೇನೆ. ನನ್ನ ತೂಕ 52 ಕಿಲೋ, ಗಾಡಿ ಕೆಟಿಎಂ ಆರ್‌ಸಿ 390. ಮೊದಲ ಮೂರು ಟ್ರ್ಯಾಕ್ ಡೇಗಳಲ್ಲಿ ಹಿಂದಿನ ಚಕ್ರ ಪ್ರತಿ ಉಬ್ಬಿನ ಮೇಲೂ ಕುಪ್ಪಳಿಸುತ್ತಿತ್ತು. ಎಲ್ಲರೂ ನನಗೆ ಕೊಟ್ಟ ಸಲಹೆ ಒಂದೇ: ಟ್ರ್ಯಾಕ್ ಅಲ್ಲವೇ, ಪ್ರಿಲೋಡ್ ಬಿಗಿ ಮಾಡಮ್ಮ. ಬಿಗಿ ಮಾಡಿದಷ್ಟೂ ಕುಪ್ಪಳಿಕೆ ಹೆಚ್ಚಾಯಿತು. ಕೊನೆಗೊಮ್ಮೆ ಅಳತೆ ಪಟ್ಟಿ ಹಿಡಿದು ನೋಡಿದೆವು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಆಕ್ಸಲಿನಿಂದ ಸೀಟಿನ ಕೆಳಗಿನ ಒಂದು ಬೋಲ್ಟಿನವರೆಗೆ ಅಳೆದು ಬರೆದುಕೊಂಡೆವು. ಆಮೇಲೆ ನಾನು ಪೂರ್ತಿ ಸೂಟು ಹೆಲ್ಮೆಟ್ ತೊಟ್ಟು ಸವಾರಿಯ ಭಂಗಿಯಲ್ಲಿ ಕುಳಿತೆ, ಒಬ್ಬರು ಮುಂದಿನಿಂದ ಗಾಡಿ ಹಿಡಿದರು, ತಮ್ಮ ಮತ್ತೆ ಅಳೆದ. ಈ ವ್ಯತ್ಯಾಸಕ್ಕೇ ಸ್ಯಾಗ್ ಎನ್ನುವುದು, ನನ್ನದು ಬರೀ 14 ಮಿ.ಮೀ. ಇರಬೇಕಾದದ್ದು 30ರಿಂದ 35. ಅಂದರೆ ನನ್ನ ಭಾರಕ್ಕೆ ಸ್ಪ್ರಿಂಗು ಕೂರುತ್ತಲೇ ಇರಲಿಲ್ಲ. ಪ್ರಿಲೋಡನ್ನು ಪೂರ್ತಿ ಸಡಿಲಿಸಿದ ಮೇಲೆ 27ಕ್ಕೆ ಬಂತು, ಗಾಡಿ ನೆಲ ಕಚ್ಚಿತು.

ಆದ್ದರಿಂದ ರಾಜಾಜಿನಗರದವರು ತೂಕ ಎಷ್ಟೆಂದು ಹೇಳದೆ ಪ್ರಿಲೋಡ್ ಬಿಗಿ ಮಾಡುವ ಮಾತಾಡುವುದು ನನಗೆ ಸರಿಕಾಣಲಿಲ್ಲ. ಮುಂದಿನ ಫೋರ್ಕಿಗೆ ಒಂದು ಪ್ಲಾಸ್ಟಿಕ್ ಟೈ ಕಟ್ಟಿಬಿಡಿ, ಬ್ರೇಕ್ ಹಿಡಿದಾಗ ಫೋರ್ಕು ಎಲ್ಲಿಯವರೆಗೆ ಇಳಿಯಿತೆಂದು ಅದೇ ತೋರಿಸುತ್ತದೆ. ಎರಡು ರೂಪಾಯಿಯ ಕೆಲಸ.

ರಾಜಾಜಿನಗರ ಸವಾರ
ಧನ್ಯವಾದ ಮೇಡಂ. ಸೂಟು, ಹೆಲ್ಮೆಟ್ ಸೇರಿ 84 ಕಿಲೋ ಇದ್ದೇನೆ. ಸ್ಯಾಗ್ ಎಂದೂ ಅಳೆದಿಲ್ಲ. ರಿಬೌಂಡ್ (ಕುಸಿದ ಶಾಕು ಮೇಲೇಳುವ ವೇಗವನ್ನು ತಡೆಯುವ ಹೊಂದಿಕೆ) ಮಾತ್ರ ಗೆಳೆಯನೊಬ್ಬನ ಮಾತು ಕೇಳಿ ಆರು ಕ್ಲಿಕ್ ಬಿಗಿ ಮಾಡಿದ್ದೆ. ಮೊದಲು ಎಷ್ಟಿತ್ತು ಎಂಬುದನ್ನು ಬರೆದಿಟ್ಟುಕೊಂಡಿಲ್ಲ.

ಪ್ಯಾಡಕ್ ಪುಟ್ಟಣ್ಣ
ಶಿವಶಿವಾ.

ಜಯನಗರದ ಆರ್‌ಸಿ
ಗಾಬರಿಯಾಗಬೇಡಿ. ತಿರುಪನ್ನು ಪೂರ್ತಿ ಬಿಗಿಯಾಗುವವರೆಗೆ ಮೆಲ್ಲಗೆ ತಿರುಗಿಸುತ್ತ ಕ್ಲಿಕ್ಕುಗಳನ್ನು ಎಣಿಸಿ, ಕೊನೆಯಲ್ಲಿ ಬಲವಂತ ಮಾಡಬೇಡಿ. ಅಲ್ಲಿಂದ ಕೈಪಿಡಿಯಲ್ಲಿ ಹೇಳಿದಷ್ಟು ಹಿಂದಕ್ಕೆ ಬನ್ನಿ. ರಿಬೌಂಡ್ ಅತಿ ಬಿಗಿಯಾದರೆ ಒಂದು ಉಬ್ಬಿಗೆ ಕುಸಿದ ಶಾಕು ಮುಂದಿನ ಉಬ್ಬು ಬರುವುದರೊಳಗೆ ಮೇಲೇಳುವುದಿಲ್ಲ. ಕುಸಿಯುತ್ತಲೇ ಹೋಗುತ್ತದೆ, ಕೊನೆಗೆ ಶಾಕಿನ ಕೆಲಸವನ್ನೂ ಟೈರೇ ಮಾಡಬೇಕಾಗುತ್ತದೆ. ನಿಮ್ಮ ಜಾರಿಕೆಗೆ ಇದೂ ಪಾಲುದಾರ ಆಗಿರಬಹುದು.

ಹಾಸನದ ಹುಡುಗ
ನೈಟ್ರೋಜನ್ ಹಾಕಿಸಿದರೆ ಒತ್ತಡ ಏರುವುದೇ ಇಲ್ಲವಂತೆ, ನಮ್ಮ ಟೈರಿನ ಅಂಗಡಿಯವರು ಹೇಳಿದರು.

ಭೌತಶಾಸ್ತ್ರದ ಮೇಷ್ಟ್ರು
ನೀವು ಈಗ ಹಾಕಿಸುತ್ತಿರುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಕಾದರೆ ಅದೂ ಅಷ್ಟೇ ಏರುತ್ತದೆ. ವ್ಯತ್ಯಾಸ ತರುವುದು ತೇವಾಂಶ: ಬಂಕಿನ ಟ್ಯಾಂಕಿನಲ್ಲಿ ನೀರು ಸೇರಿಕೊಂಡಿದ್ದರೆ ಅದು ಆವಿಯಾಗಿ ಲೆಕ್ಕ ತಪ್ಪಿಸುತ್ತದೆ. ನೈಟ್ರೋಜನ್ ಒಣಗಿರುತ್ತದೆ, ಲಾಭವೆಂದರೆ ಅಷ್ಟೇ.

ಕೃಷ್ಣಗಿರಿ ಟೋಲ್
ಇನ್ನೊಂದು ವಿಷಯ ಬಿಟ್ಟುಹೋಗಿದೆ. ಅವರು ಗಾಡಿಯನ್ನು ಓಡಿಸಿಕೊಂಡೇ ಟ್ರ್ಯಾಕಿಗೆ ಹೋಗಿದ್ದಾರೆ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಮುನ್ನೂರು ಕಿಲೋಮೀಟರ್ ನೆಟ್ಟಗೆ ಹೋಗುವ ಹೆದ್ದಾರಿಯಲ್ಲಿ ಸವೆಯುವುದು ಟೈರಿನ ನಡುವಿನ ಪಟ್ಟಿ ಮಾತ್ರ. 4,000 ಕಿ.ಮೀ. ಓಡಿದ ಟೈರಿನ ನಡು ಚಪ್ಪಟೆಯಾಗಿ, ಭುಜದ ಬಳಿ ಒಂದು ಏಣು ಎದ್ದಿರುತ್ತದೆ. ಗಾಡಿ ವಾಲಿಸುವಾಗ ಆ ಏಣನ್ನು ದಾಟಿ ಧೊಪ್ಪನೆ ಬಿದ್ದ ಹಾಗಾಗುತ್ತದೆ. ಟೈರಿಗೆ ಅಡ್ಡಲಾಗಿ ಒಂದು ಸ್ಕೇಲು ಇಟ್ಟು ನೋಡಿ, ನಡುವೆ ಎಷ್ಟು ಅಗಲ ಬೆಳಕು ಬಾರದೆ ಕೂರುತ್ತದೆ ಎಂದು.

ಹಾಗೆಯೇ ಟ್ರ್ಯಾಕಿನಿಂದ ಮರಳುವವರಿಗೆ ನನ್ನ ಕಥೆ. ಸೆಷನ್ ಮುಗಿದ ಕೂಡಲೇ ಬಿಸಿ ಟೈರಿನಲ್ಲಿ ಗಾಳಿ ಇಳಿಸಿ 32ಕ್ಕೆ ತಂದಿದ್ದೆ. ಸಂಜೆ ಕನ್ನಡಿ, ನಂಬರ್ ಪ್ಲೇಟು ಎಲ್ಲ ಮತ್ತೆ ಕಟ್ಟಿಕೊಂಡು ಹೊರಟೆ. ಗಾಳಿಯ ನೆನಪಾಗಲಿಲ್ಲ. ರಾತ್ರಿ ವೆಲ್ಲೂರು ಹತ್ತಿರ ಗಾಡಿ ಹಾವಿನಂತೆ ಹೊಯ್ದಾಡತೊಡಗಿತು. ಟೀ ಅಂಗಡಿಯ ಬಳಿ ನಿಲ್ಲಿಸಿ, ಟೈರು ತಣಿದ ಮೇಲೆ ನೋಡಿದರೆ 25 ಚಿಲ್ಲರೆ ಇತ್ತು. ಮೇಲೆ ಬ್ಯಾಗಿನ ಭಾರ ಬೇರೆ.

ಪಿಟ್ ಲೇನ್ ಪ್ರಶ್ನೆ
ಹಾಗಾದರೆ ಕಾದಾಗ ಎಷ್ಟಿರಬೇಕು? ಮುಂದೆ 10 ಶೇಕಡಾ, ಹಿಂದೆ 20 ಶೇಕಡಾ ಏರಬೇಕು ಎಂಬ ಸೂತ್ರವನ್ನು ಹಲವರು ಹೇಳುತ್ತಾರೆ. ಕೆಲವರು ಸೀದಾ 22ಕ್ಕೆ ಇಳಿಸಿ ಎನ್ನುತ್ತಾರೆ.

ಪ್ಯಾಡಕ್ ಪುಟ್ಟಣ್ಣ
22 ಎಂಬುದು ಗಟ್ಟಿ ಗೋಡೆಯ ರೇಸ್ ಟೈರುಗಳನ್ನು ಓಡಿಸುವವರ ಬಾಯಿಂದ ಬಂದ ಮಾತು. ಅದನ್ನು ರಸ್ತೆ ಟೈರಿಗೆ ಅನ್ವಯಿಸಿದರೆ ಗೋಡೆ ಅತಿಯಾಗಿ ಮಡಚಿ, ಮಡಚಿದಷ್ಟೂ ಕಾದು, ನೀವು ಇಳಿಸಿದ್ದಕ್ಕಿಂತ ಹೆಚ್ಚು ಏರಿ ಕೂರುತ್ತದೆ. ಹತ್ತು ಇಪ್ಪತ್ತರ ಸೂತ್ರ ಹಳೆಯದು, ದಿಕ್ಕು ತಪ್ಪಿದಾಗ ಹಿಡಿದುಕೊಳ್ಳಲು ಆಗುತ್ತದೆ: ಏರಿಕೆ ಅತಿಯಾದರೆ ಆರಂಭದಲ್ಲಿ ಗಾಳಿ ಕಡಿಮೆಯಿತ್ತು, ಏರಿಕೆಯೇ ಇಲ್ಲದಿದ್ದರೆ ಗಾಳಿ ಹೆಚ್ಚಿತ್ತು ಅಥವಾ ನೀವು ಟೈರಿಗೆ ಕೆಲಸವನ್ನೇ ಕೊಡಲಿಲ್ಲ. ಆದರೆ ಪಿಟ್‌ನಲ್ಲಿ ನಾನು ಶೇಕಡಾ ಲೆಕ್ಕ ಹಾಕುವುದಿಲ್ಲ. ಟೈರು ತಯಾರಕರು ಟ್ರ್ಯಾಕಿಗೆಂದು ಹೇಳಿರುವ ಬಿಸಿ ಒತ್ತಡವನ್ನು ಹಿಡಿದುಕೊಂಡು, ಪ್ರತಿ ಸೆಷನ್ ಮುಗಿದ ಒಂದು ನಿಮಿಷದೊಳಗೆ ಅಳೆದು, ಹೆಚ್ಚಿದ್ದರೆ ಅಲ್ಲೇ ಇಳಿಸುತ್ತೇನೆ. ಹೆಲ್ಮೆಟ್ ತೆಗೆಯುವುದು ಆಮೇಲೆ.

ತಿರುವಿನ ಪಾಠ
ಹೆಲ್ಮೆಟ್ ತೆಗೆಯದೆ ಗೇಜಿನ ಮುಳ್ಳು ಓದುವ ಪುಟ್ಟಣ್ಣನವರನ್ನು ನಾನು ನೋಡಿದ್ದೇನೆ. ಸೂಟಿನಲ್ಲಿ ಬಗ್ಗಲಾಗದೆ ನೆಲದ ಮೇಲೆ ಮಲಗಿಯೇ ಅಳೆಯುತ್ತಾರೆ.

ಹಾಸನದ ಹುಡುಗ
ಟೈರಿನ ವಯಸ್ಸನ್ನೂ ನೋಡಿಕೊಳ್ಳಲಿ. ನನಗೆ ಒಂದು ಅಂಗಡಿಯಲ್ಲಿ ಹೊಚ್ಚ ಹೊಸದೆಂದು ಕೊಟ್ಟ ಟೈರಿನ ಗೋಡೆಯ ಮೇಲೆ 0817 ಎಂದಿತ್ತು, ಅಂದರೆ 2017ರ 8ನೆಯ ವಾರದ್ದು. ನಾನು ಕೊಂಡಾಗ ಅದಕ್ಕೆ ನಾಲ್ಕು ವರ್ಷ ತುಂಬಿತ್ತು.

ನಿರ್ವಾಹಕ
ಅಂಗಡಿಯ ಹೆಸರು ಬರೆಯದಿದ್ದುದಕ್ಕೆ ಧನ್ಯವಾದ. ಬ್ರೇಕ್ ಆಯಿಲ್ ಮತ್ತು ಕೂಲಂಟ್ ಬಗ್ಗೆ ಬಂದ ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸರಿಸಿದ್ದೇನೆ, ಇಲ್ಲಿ ಟೈರು ಮತ್ತು ಶಾಕಿನ ಚರ್ಚೆ ಮುಂದುವರಿಯಲಿ.

ರಾಜಾಜಿನಗರ ಸವಾರ
ಐದು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ನಿನ್ನೆ ಅದೇ ಟ್ರ್ಯಾಕು, ಅದೇ ಟೈರು.

ಮೊದಲು ಮಾನ ಹೋಗುವ ಸಂಗತಿ. ಹೊಸ ಗೇಜು ಕೊಂಡು, ಇನ್ನೆರಡು ಗೇಜುಗಳ ಜೊತೆ ತಾಳೆ ನೋಡಿ, ಆ ಬಂಕಿಗೆ ಹೋದೆ. ಅವರ ಯಂತ್ರ 32 ಎಂದು ತೋರಿಸುವಾಗ ನಿಜವಾಗಿ ಇದ್ದದ್ದು 35. ಮೇಷ್ಟ್ರ ಲೆಕ್ಕವನ್ನು 35ರಿಂದ ಮತ್ತೆ ಹಾಕಿದರೆ ಆ ದಿನ ಮಧ್ಯಾಹ್ನ ನಾನು 42ರ ಮೇಲೆ ಓಡಿಸುತ್ತಿದ್ದೆ. ಈ ಸಲ ಬೆಂಗಳೂರಿನಲ್ಲಿ ಹೆದ್ದಾರಿಗೆ ಬೇಕಾದಷ್ಟು ಹಾಕಿಸಿಕೊಂಡು, ಟ್ರ್ಯಾಕಿನಲ್ಲಿ ಬೆಳಿಗ್ಗೆ ಆರೂವರೆಗೆ, ನೆರಳಿನಲ್ಲಿ, ಹಿಂದಿನದನ್ನು 27ಕ್ಕೆ ಇಳಿಸಿದೆ. ಮೊದಲ ಸೆಷನ್ ಮುಗಿದಾಗ 32.5. ಎರಡನೆಯದು ಮುಗಿದಾಗ 33. ಊಟದ ನಂತರದ್ದು ಮುಗಿದಾಗ 34.5, ಅಲ್ಲೇ 33ಕ್ಕೆ ತಂದೆ. ಇದು ನನ್ನ ಟೈರಿಗೆ, ನನ್ನ ವೇಗಕ್ಕೆ ಬಂದ ಅಂಕಿಗಳು.

ಸ್ಯಾಗ್ 36 ಇತ್ತು, ಪ್ರಿಲೋಡನ್ನು ಸ್ವಲ್ಪವೇ ಏರಿಸಿ 33 ಮಾಡಿದೆ. ರಿಬೌಂಡನ್ನು ಮೇಡಂ ಹೇಳಿದಂತೆ ಕೈಪಿಡಿಯ ಅಳತೆಗೆ ತಂದೆ. ಆ ಎಣ್ಣೆ ಸವರಿದ ಅನುಭವ ದಿನವಿಡೀ ಒಮ್ಮೆಯೂ ಆಗಲಿಲ್ಲ.

ಆದರೆ ತಿರುವಿನ ಪಾಠದವರಿಗೂ ಒಂದು ಒಪ್ಪಿಗೆ ಸಲ್ಲಿಸಬೇಕು. ಹಳೆಯ ವಿಡಿಯೊ ನೋಡಿದೆ. ಬೆಳಿಗ್ಗೆ ಗಾಡಿ ನೆಟ್ಟಗಾದ ಮೇಲೆ ಕೊಡುತ್ತಿದ್ದ ಆಕ್ಸಿಲರೇಟರನ್ನು ಮಧ್ಯಾಹ್ನ ತಿರುವಿನ ನಡುವಿನಲ್ಲೇ ಕೊಟ್ಟಿದ್ದೇನೆ. ಮೊಣಕೈ ಕಂಬದ ಹಾಗೆ ಸೆಟೆದಿದೆ.

ತಿರುವಿನ ಪಾಠ
ನಾನು ಹೇಳಿದ್ದೆ.

ಪ್ಯಾಡಕ್ ಪುಟ್ಟಣ್ಣ
42 ಪಿಎಸ್‌ಐ ಇರುವ ಟೈರಿನ ಮೇಲೆ ಕೂತರೆ ಯಾರ ಮೊಣಕೈಯಾದರೂ ಸೆಟೆಯುತ್ತದೆ.

ಜಯನಗರದ ಆರ್‌ಸಿ
ಒಂದೇ ದಿನ ಗಾಳಿ, ಪ್ರಿಲೋಡ್, ರಿಬೌಂಡ್ ಮೂರನ್ನೂ ಬದಲಿಸಿದ್ದೀರಿ. ಈಗ ಯಾವುದರಿಂದ ಸರಿಹೋಯಿತೆಂದು ಹೇಗೆ ಹೇಳುತ್ತೀರಿ? ಒಂದೊಂದನ್ನೇ ಬದಲಿಸಿ, ಎರಡು ಸೆಷನ್ ಓಡಿಸಿ, ಬರೆದಿಟ್ಟುಕೊಳ್ಳಬೇಕಿತ್ತು.

ರಾಜಾಜಿನಗರ ಸವಾರ
ಒಪ್ಪುತ್ತೇನೆ. ಮುಂದಿನ ಸಲ ಗಾಳಿಯನ್ನು ಹೀಗೆಯೇ ಇಟ್ಟು, ರಿಬೌಂಡನ್ನು ಮಾತ್ರ ಎರಡು ಕ್ಲಿಕ್ ಬಿಗಿ ಮಾಡಿ ನೋಡುತ್ತೇನೆ. ಈ ಸಲ ನೋಟ್‌ಬುಕ್ ಇದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಈಗ ಹಿಂದಿನ ಟೈರಿನ ಬಲ ಭುಜದ ಮೇಲೆ, ಅಂಚಿನಿಂದ ಎರಡು ಬೆರಳು ಒಳಗೆ, ಬೆರಳು ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಸವರಿದರೆ ಗರಗಸದ ಹಾಗೆ ಹತ್ತುತ್ತದೆ. ಎಡ ಭುಜ ನುಣ್ಣಗಿದೆ. ಇದು ಸಹಜವೋ, ರಿಬೌಂಡಿನ ಗುರುತೋ?

ಶೋಳಾವರಂ ಕಾಲದವನು
ಕೊನೆಗೂ ಅಂಗೈ ಇಟ್ಟಿರಿ. ಹಗಲು ಬೆಳಕಿನಲ್ಲಿ, ಹತ್ತಿರದಿಂದ ತೆಗೆದ ಫೋಟೊ ಹಾಕಿ. ಟೈರು ಉರುಳುವ ದಿಕ್ಕಿಗೆ ಒಂದು ಬಾಣದ ಗುರುತನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಗರಗಸ ಯಾವ ಮುಖಕ್ಕಿದೆ ಎಂಬುದನ್ನು ನೋಡದೆ ಏನನ್ನೂ ಹೇಳಲಾಗದು.

ರಾಜಾಜಿನಗರ ಸವಾರ
ಸಂಜೆ ಆಫೀಸಿನಿಂದ ಬಂದು ಹಾಕುತ್ತೇನೆ ಸರ್. ಸೀಮೆಸುಣ್ಣ ಹುಡುಕಬೇಕು.

ಭೌತಶಾಸ್ತ್ರದ ಮೇಷ್ಟ್ರು
ಅದು ಬೇಕಾದಷ್ಟು ನನ್ನ ಬಳಿ ಇದೆ.